ನಿಂತ ಗೆರೆ, ಮಲಗಿದ ಗೆರೆ

ಇಂಪನಾ ಫೋನ್ ಮಾಡಿದಾಗ ನಾನು ಸ್ಟುಡಿಯೋದಲ್ಲಿ ಕೂತು ಯಾರದೋ ಗೃಹಪ್ರವೇಶದ ಆಲ್ಬಮ್ಮಿಗೆ ಪುಟ ಜೋಡಿಸುತ್ತಿದ್ದೆ. ಅವಳ ಹೆಸರು ನನ್ನ ಫೋನಿನಲ್ಲಿ ಮಿನುಗಿ ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಎತ್ತಲೋ ಬೇಡವೋ ಎನ್ನುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಬಂತು.

ಸೀಮಂತ ಇಟ್ಟುಕೊಂಡಿದ್ದಾರೆ, ಮುಂದಿನ ಸೋಮವಾರ, ಹಾಲ್ಕುರಿಕೆಯ ತವರುಮನೆಯಲ್ಲಿ ಎಂದಳು. ಫೋಟೋಕ್ಕೆ ಸ್ಟುಡಿಯೋದ ಯಜಮಾನ ರಾಜಣ್ಣನನ್ನು ಕಳಿಸುತ್ತೇನೆ ಎಂದು ನಾನು ತಡವರಿಸಿದೆ.

"ರಾಜಣ್ಣ ಬ್ಯಾಡ. ನೀನೇ ಬಾ. ಅಜ್ಜಿ ಜೊತೆ ನಾನೊಬ್ಳೇ ಇರೋ ಒಂದು ಫೋಟೋನೂ ಇಲ್ಲ, ಗೊತ್ತಲ್ಲ ನಿಂಗೆ," ಎಂದಳು.

ಗೊತ್ತಿತ್ತು. ಇಲ್ಲದಂತೆ ಮಾಡಿದವಳು ನಾನೇ.

ನಾವಿಬ್ಬರೂ ತಿಪಟೂರಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಮುಗಿಸಿದವರು. ನಾನು ಬಿಳಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಹಾಲ್ಕುರಿಕೆಯಿಂದ. ತರಗತಿಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳುತ್ತಿದ್ದವಳು ಇಂಪನಾ. ಓದು ಮುಗಿದ ಮೇಲೆ ಅವಳಿಗೆ ಮದುವೆ ಗೊತ್ತಾಯಿತು, ನನಗೆ ರಾಜಣ್ಣನ ಸ್ಟುಡಿಯೋದಲ್ಲಿ ಆಲ್ಬಮ್ ಮಾಡುವ ಕೆಲಸ ಸಿಕ್ಕಿತು. ಕಂಪ್ಯೂಟರಿನ ಮುಂದೆ ಕೂತರೆ ಸಾಕು, ಯಾರ ಜೊತೆಗೂ ಮಾತಾಡಬೇಕಿಲ್ಲ. ನನಗೆ ಹೇಳಿ ಮಾಡಿಸಿದ್ದು ಎಂದುಕೊಂಡಿದ್ದೆ.

ಮದುವೆ ಛತ್ರದ ಫೋಟೋಗಳಿಗೆ ಗಂಡಿನ ಕಡೆಯವರು ಬೇರೆಯವರನ್ನು ಗೊತ್ತುಮಾಡಿದ್ದರು. ಆದರೆ ಮದುವೆಯ ಹಿಂದಿನ ದಿನ ಇಂಪನಾಳ ಮನೆಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಮದುವೆಯಾಗಿ ಹೊರಡುವ ಮೊದಲು ಮನೆಯ ಹಿರಿಯ ಹೆಂಗಸು ಅವಳ ಕೈಯಿಂದ ಮುಟ್ಟಿಸಿ ಕೆಲವು ತೆಂಗಿನಕಾಯಿಗಳನ್ನು, ಸಿಪ್ಪೆ ಸಮೇತ, ವಿಭೂತಿ ಹಚ್ಚಿ, ಅಟ್ಟಕ್ಕೆ ಏರಿಸುತ್ತಾಳೆ. ಅವು ಅಲ್ಲೇ ವರ್ಷವಿಡೀ ಒಣಗುತ್ತವೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪನ್ನು ಬಿಟ್ಟು, ಇಡೀ ಉಂಡೆ ಕೊಬ್ಬರಿ, ಅಂದರೆ ಗಿಟುಕಾಗುತ್ತದೆ. ಆ ಹೆಣ್ಣು ಬಸುರಿಯಾಗಿ ತವರಿಗೆ ಬಂದಾಗ ಅದೇ ಗಿಟುಕುಗಳಿಂದ ಅವಳ ಮಡಿಲು ತುಂಬುತ್ತಾರೆ. ನಮ್ಮ ಕಡೆ ಎಲ್ಲರೂ ಮಡಿಲಿಗೆ ಗಿಟುಕು ಇಡುತ್ತಾರೆ. ಅಂಗಡಿಯಿಂದ ತಂದು ಇಡುತ್ತಾರೆ, ಅಷ್ಟೇ. ಇಂಪನಾಳ ಅಜ್ಜಿ ಗುರುಸಿದ್ದಮ್ಮನವರ ಮನೆಯಲ್ಲಿ ಮಾತ್ರ ಅದು ಅಟ್ಟದಿಂದಲೇ ಇಳಿಯಬೇಕು.

ಅವತ್ತು ಅಜ್ಜಿ ಕಾಯಿ ಏರಿಸುವುದರ ಫೋಟೋ ತೆಗೆಯಲು ಇಂಪನಾ ನನ್ನನ್ನು ಕರೆದಿದ್ದಳು. ರಾಜಣ್ಣ ಸ್ಟುಡಿಯೋದ ಹಳೇ ಕ್ಯಾಮೆರಾ, ಒಂದು ಫ್ಲ್ಯಾಶ್ ಕೊಟ್ಟಿದ್ದ. ಅಟ್ಟದ ಕೆಳಗಿನ ಕೋಣೆ ಮಧ್ಯಾಹ್ನವೂ ಮಬ್ಬು. ಫ್ಲ್ಯಾಶ್ ಇದೆಯಲ್ಲ, ಇನ್ನೇನು ಭಯ ಎಂದುಕೊಂಡೆ. ಅಜ್ಜಿ, ಇಂಪನಾ ಎದುರುಬದುರು ನಿಂತು ಕಾಯಿ ಹಿಡಿದಿದ್ದರು. ಹನ್ನೆರಡು ಫೋಟೋ ತೆಗೆದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಹನ್ನೆರಡೂ ಚೆನ್ನಾಗಿ ಕಂಡವು.

ಕಂಪ್ಯೂಟರಿನಲ್ಲಿ ತೆರೆದಾಗ ಇಬ್ಬರ ಮುಖವೂ ಹಾಲಿಗೆ ಬಿದ್ದ ಬಿಸ್ಕತ್ತಿನಂತೆ ಕಲಸಿಹೋಗಿತ್ತು. ಇಬ್ಬರ ನಡುವಿನ ಸಂದಿಯಲ್ಲಿ ಕಾಣುತ್ತಿದ್ದ ಗೋಡೆ ಮಾತ್ರ ಸ್ಪಷ್ಟವಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ದಿನ ಅಮಾವಾಸ್ಯೆ ಎಂದು ಓದಬಹುದಿತ್ತು. ಕ್ಯಾಮೆರಾ ಫೋಕಸ್ ಹಿಡಿಯುವ ನಡುವಿನ ಚೌಕ ಇಬ್ಬರ ಮಧ್ಯದಿಂದ ಹಾದು ಹೋಗಿ ಗೋಡೆಯನ್ನು ಹಿಡಿದಿತ್ತು. ಹನ್ನೆರಡರಲ್ಲೂ.

ಇಂಪನಾ ಹನ್ನೆರಡನ್ನೂ ನೋಡಿದಳು. "ಇರ್ಲಿ ಬುಡೇ," ಎಂದಳು. ಅವಳ ಅತ್ತೆ ವನಜಾಕ್ಷಮ್ಮ, ಅಮ್ಮಸಂದ್ರದವರು, ಸುಮ್ಮನಿರಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ್ದು ಸಾರ್ಥಕವಾಯಿತು ಎಂದರಂತೆ. ನಗುವಿನಲ್ಲೇ ಅಂದಿದ್ದು, ಆದರೂ ಅಂದದ್ದೇ. ಆಮೇಲೆ ನಾನೇ ಇಂಪನಾಳಿಗೆ ಫೋನ್ ಮಾಡುವುದನ್ನು ಬಿಟ್ಟೆ. ನಾಚಿಕೆಯಿಂದ ದೂರವಾಗುವವರು ಎದುರಿನವರಿಗೆ ಕೋಪಿಸಿಕೊಂಡವರಂತೆ ಕಾಣುತ್ತಾರೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಡೈರಿಯಲ್ಲಿ ಅವತ್ತು ಬರೆದದ್ದು ಒಂದೇ ಸಾಲು: ಗೋಡೆಯ ಫೋಟೋ ತೆಗೆದೆ.

ರಾಜಣ್ಣ ಬೈಯುತ್ತಾನೆಂದು ಕಾದಿದ್ದೆ. ಬೈಯಲಿಲ್ಲ. ಮರುದಿನ ಸ್ಟುಡಿಯೋದ ಒಳಕೋಣೆಯ ದೀಪ ಆರಿಸಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ನನ್ನನ್ನು ಹಿಡಿ ನೋಡೋಣ ಎಂದ. ನಾನು ಗುಂಡಿಯನ್ನು ಅರ್ಧ ಒತ್ತಿದೆ. ಲೆನ್ಸು ಗಿರ್ರ್ ಎಂದು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಕತ್ತಲಲ್ಲಿ ಚಪ್ಪಲಿ ಹುಡುಕುವವರ ಕಾಲಿನ ಹಾಗೆ.

"ಫ್ಲ್ಯಾಶ್ ಐತೆ ಅಂತ ಧೈರ್ಯ ಮಾಡ್ಬ್ಯಾಡ ಕಣವ್ವ," ಎಂದ ರಾಜಣ್ಣ ಕತ್ತಲಿಂದ. "ಅದು ಮಿಂಚೋದು ಕೊನೇಲಿ. ಅದು ಮಿಂಚೋಕ್ ಮುಂಚೆ ಕ್ಯಾಮೆರಾ ಕತ್ಲಲ್ಲೇ ಮನುಷ್ಯನ್ನ ಕಂಡಿರ್ಬೇಕು. ಗೆರೆ ಹುಡುಕು. ಬಿಳಿ ಕಪ್ಪು ಎಲ್ಲಿ ಸೇರ್ತದೋ ಆ ಗೆರೆ."

ಕೆನ್ನೆಯ ಮೇಲೆ ಗೆರೆ ಇಲ್ಲ, ಅಲ್ಲಿ ಕ್ಯಾಮೆರಾ ತಡಕಾಡುತ್ತದೆ. ಕನ್ನಡಕದ ಅಂಚಿನಲ್ಲಿದೆ, ಬೈತಲೆಯಲ್ಲಿದೆ, ಓಲೆಯ ಸುತ್ತ ಇದೆ, ಅಂಗಿಯ ಕಾಲರಿನಲ್ಲಿದೆ. ಒಂದೊಂದಾಗಿ ತೋರಿಸಿಕೊಟ್ಟ. ಫ್ಲ್ಯಾಶಿನ ಮೂತಿಯಲ್ಲಿರುವ ಕೆಂಪು ದೀಪ ಯಾಕಿದೆ ಎಂದು ಹೇಳಿದ. ಗುಂಡಿ ಅರ್ಧ ಒತ್ತಿದಾಗ ಅದು ಎದುರಿನವರ ಮೈಮೇಲೆ ಕೆಂಪು ಗೆರೆಗಳನ್ನು ಚೆಲ್ಲುತ್ತದೆ. ಗೆರೆಯಿಲ್ಲದ ಕಡೆಯೂ ಕ್ಯಾಮೆರಾಕ್ಕೆ ಗೆರೆ ಸಿಗುತ್ತದೆ. ಫೋಟೋದಲ್ಲಿ ಆ ಕೆಂಪು ಬರುವುದಿಲ್ಲ. ತೆಗೆದ ಮೇಲೆ ಪರದೆಯಲ್ಲಿ ಮುಖವನ್ನು ದೊಡ್ಡದು ಮಾಡಿ, ರೆಪ್ಪೆ ಎಣಿಸುವಂತಿದೆಯೇ ನೋಡದೆ ಮುಂದಕ್ಕೆ ಹೋಗಬಾರದು ಎಂದ.

ಇನ್ನೊಂದು ಮಾತು ಹೇಳಿದ್ದ. ಆ ಹಳೇ ಕ್ಯಾಮೆರಾದ ನಡುವಿನ ಚೌಕಕ್ಕೆ ಎಲ್ಲ ಗೆರೆಯೂ ಕಾಣುತ್ತದೆ. ಅಂಚಿನ ಚೌಕಗಳಿಗೆ ನಿಂತ ಗೆರೆ ಮಾತ್ರ ಕಾಣುತ್ತದೆ, ಮಲಗಿದ ಗೆರೆ ಕಾಣುವುದಿಲ್ಲ. ಬಾಗಿಲ ಕಂಬ ಹಿಡಿಯುತ್ತದೆ, ಹೊಸ್ತಿಲು ಹಿಡಿಯುವುದಿಲ್ಲ. ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡದ್ದು ಬೇಕಾದಾಗ ನೆನಪಿಗೆ ಬರುತ್ತದೆಂದು ಏನೂ ಇಲ್ಲ.

ವರ್ಷವಿಡೀ, ಅಂಗಡಿಯಲ್ಲಿ ಜನ ಕಡಿಮೆಯಿದ್ದ ಮಧ್ಯಾಹ್ನಗಳಲ್ಲೆಲ್ಲ, ರಾಜಣ್ಣ ಆ ಸ್ಟೂಲಿನ ಮೇಲೆ ಕೂತ. ಕೆಲವು ಸಲ ಹಾಗೇ ತೂಕಡಿಸುತ್ತಿದ್ದ. ತೂಕಡಿಸುವ ರಾಜಣ್ಣನ ಸ್ಪಷ್ಟವಾದ ಫೋಟೋಗಳು ನನ್ನ ಬಳಿ ಇನ್ನೂರಕ್ಕೂ ಹೆಚ್ಚಿವೆ.

ಸೋಮವಾರ ಹಾಲ್ಕುರಿಕೆಗೆ ಹೋದಾಗ ಮೋಡ ಮುಚ್ಚಿತ್ತು. ಅಂಗಳದಲ್ಲಿ ತೋಟದ ಕೆಲಸದ ಗಿಡ್ಡಯ್ಯ ನೆಲಕ್ಕೆ ನಿಲ್ಲಿಸಿದ ಹಾರೆಯ ಮೊನೆಗೆ ಅಟ್ಟದಿಂದ ಇಳಿಸಿದ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ಇಂಪನಾ ಹಸಿರು ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಕಲಿತುಕೊಂಡು ಬಂದಿದ್ದೆಲ್ಲ ಮರೆತುಹೋಯಿತು. ಅವಳು ನನ್ನ ಕ್ಯಾಮೆರಾ ಚೀಲವನ್ನು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಳು. ಬಸುರಿ ಭಾರ ಹೊರಬಾರದು ಎಂದೆ. ಹದಿನಾಲ್ಕು ತಿಂಗಳ ಮೇಲೆ ನಾನು ಅವಳ ಎದುರು ನಿಂತು ಹೇಳಿದ ಮೊದಲ ಮಾತು ಅದು.

"ಬಾಯಿ ಬಂತಾ? ಮೂಗಿ ಆಗ್ಬುಟ್ಟಿದ್ದೀಯ ಅನ್ಕಂಡಿದ್ದೆ," ಎಂದಳು.

ಹಜಾರದ ಫೋಟೋಗಳು ಸಲೀಸಾಗಿ ಆದವು. ಬಾಗಿಲ ಬೆಳಕಿತ್ತು. ಆರತಿ, ಹಸಿರು ಬಳೆ, ಇಂಪನಾಳ ತಾತ ಕರಿಬಸವಯ್ಯನವರು ಅಕ್ಷತೆ ಹಾಕಿದ್ದು, ನೆಂಟರು ಸಾಲಾಗಿ ಬಂದು ನಿಂತದ್ದು. ಒಂದೊಂದನ್ನೂ ದೊಡ್ಡದು ಮಾಡಿ ನೋಡಿ ಮುಂದೆ ಹೋದೆ. ವನಜಾಕ್ಷಮ್ಮ ನನ್ನನ್ನು ಗುರುತಿಸಿದರು. ಏನಮ್ಮ, ಈ ಸಲ ಗೋಡೆ ಪಕ್ಕಕ್ಕೆ ಸರಿಸಿ ಇಟ್ಟಿದ್ದೀವಿ ಎಂದರು. ನೆಂಟರು ನಕ್ಕರು. ನಾನೂ ನಗಬೇಕೆಂದು ನೋಡಿದೆ.

ಮೂರು ಗಂಟೆಗೆ ಕರೆಂಟ್ ಹೋಯಿತು. ಇನ್ನು ಕಾಯಿ ನೋಡೋಣ ಎಂದು ಅಜ್ಜಿ ಎದ್ದದ್ದೂ ಆಗಲೇ.

ಅಟ್ಟದ ಕೆಳಗಿನ ಕೋಣೆಗೆ ಒಂದೇ ಕಿಟಕಿ, ಅದೂ ಹಿತ್ತಲಿನ ಹಲಸಿನ ಮರದ ಕಡೆಗೆ. ಮೇಲೆ ಸಾವಿರಾರು ಕಾಯಿ. ಅವುಗಳ ಒಣವಾಸನೆ ತಲೆಯ ಮೇಲೇ ಕೂತಂತಿತ್ತು. ಕಾಯಿಗಳನ್ನು ಹೊರಗೆ ಹಜಾರದಲ್ಲೇ ಒಡೆಯಬಹುದಲ್ಲ ಎಂದು ಇಂಪನಾ ಕೇಳಿದಳು, ನನಗೋಸ್ಕರ. ಅಟ್ಟದ ಕಾಯಿ ಅಟ್ಟದ ಕೆಳಗೇ ಬಾಯಿ ಬಿಡಬೇಕು ಎಂದು ಅಜ್ಜಿ ಒಳಗೆ ನಡೆದೇಬಿಟ್ಟರು. ಎಂಬತ್ತು ದಾಟಿದ್ದರೂ ನೆಟ್ಟಗಿನ ನಡಿಗೆ. ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ.

ಇಬ್ಬರೂ ಎರಡು ಮಣೆಗಳ ಮೇಲೆ ಎದುರುಬದುರು ಕೂತರು. ನಾನು ಪಕ್ಕದಲ್ಲಿ ಮೊಣಕಾಲೂರಿದೆ. ಹಿಂದೆ ಬಾಗಿಲಲ್ಲಿ ಹೆಂಗಸರು ಗುಂಪುಗೂಡಿ ಇದ್ದ ಬೆಳಕನ್ನೂ ಮುಚ್ಚಿದರು. ಫ್ಲ್ಯಾಶಿನ ತಲೆಯನ್ನು ಸುಣ್ಣದ ಗೋಡೆಯ ಕಡೆ ತಿರುಗಿಸಿಕೊಂಡೆ, ಬೆಳಕು ಗೋಡೆಗೆ ಬಡಿದು ಮೆತ್ತಗೆ ಬರಲಿ ಎಂದು. ಮೂತಿಯ ಕೆಂಪು ದೀಪ ಮಾತ್ರ ಎದುರಿಗೇ ಇರುತ್ತದೆ. ಗಿಡ್ಡಯ್ಯ ಸುಲಿದ ಕಾಯಿಗಳ ಬುಟ್ಟಿ ತಂದು ಅಜ್ಜಿಯ ಪಕ್ಕದಲ್ಲಿಟ್ಟು, ಮಚ್ಚು ಹಿಡಿದು ಕೂತ.

ಕ್ರಮ ಹೀಗೆ. ಅಜ್ಜಿ ಒಂದು ಕಾಯಿ ತೆಗೆದುಕೊಂಡು, ಮುಂದಕ್ಕೆ ಬಾಗಿ, ತನ್ನ ಕಿವಿಗೂ ಮೊಮ್ಮಗಳ ಕಿವಿಗೂ ನಡುವೆ ಹಿಡಿದು ಮೂರು ಸಲ ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಗಡಗಡ ಎಂದು ಉರುಳುತ್ತದೆ. ಆಮೇಲೆ ಅಲ್ಲಾಡಿಸುವುದನ್ನು ನಿಲ್ಲಿಸಿ ಇಬ್ಬರೂ ಕಣ್ಣು ಮುಚ್ಚಿ ಕೇಳುತ್ತಾರೆ. ಉರುಳಿದ ಗಿಟುಕು ಕೊನೆಗೊಮ್ಮೆ ಟಕ್ ಎಂದು ಕೂರುತ್ತದೆಯಲ್ಲ, ಅದನ್ನು. ಆ ಟಕ್ ಕೇಳಿದರೆ ಕಾಯಿ ಸರಿಯಿದೆ ಎಂದರ್ಥ. ಬಿಳಿಗೆರೆಯ ನಮ್ಮ ಮನೆಯಲ್ಲೂ ಕಾಯಿ ಅಲ್ಲಾಡಿಸಿ ನೋಡಿ ಬೆಳೆದವಳು ನಾನು. ಆ ಒಂದು ಗಳಿಗೆ ಇಬ್ಬರೂ ಅಲ್ಲಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಂಪನಾ ಕೇಳಿದ್ದ ಫೋಟೋ ಇದ್ದದ್ದು ಆ ಗಳಿಗೆಯಲ್ಲೇ.

ಮೊದಲನೇ ಕಾಯಿ. ಗುಂಡಿ ಅರ್ಧ ಒತ್ತಿದೆ. ಕೆಂಪು ಗೆರೆಗಳು ಅಜ್ಜಿಯ ತೋಳಿನಿಂದ ಇಂಪನಾಳ ಹೊಟ್ಟೆಯ ಮೇಲಕ್ಕೆ ಹರಡಿದವು.

ಹಿಂದಿನಿಂದ ವನಜಾಕ್ಷಮ್ಮನ ಕೈ ನನ್ನ ಭುಜದ ಮೇಲೆ ಬಿತ್ತು. "ಏನಮ್ಮ ಅದು ಕೆಂಪಗೆ? ಬಸುರಿ ಹೊಟ್ಟೆ ಮ್ಯಾಲೆ ಕೆಂಪು ಬೀಳ್ಬಾರ್ದು. ತೆಗಿ ಅದನ್ನ."

ಅದು ಬರೀ ದೀಪ, ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಅವರು ಭುಜದ ಮೇಲಿನ ಕೈ ತೆಗೆಯಲಿಲ್ಲ. ಅವರ ಹಿರಿಯ ಸೊಸೆಗೆ ಹಿಂದಿನ ವರ್ಷ ಆರನೇ ತಿಂಗಳಲ್ಲಿ ಕೂಸು ನಿಲ್ಲಲಿಲ್ಲ ಎಂದು ಇಂಪನಾ ಬೆಳಿಗ್ಗೆ ಹೇಳಿದ್ದಳು. ನಾನು ಕೆಂಪು ದೀಪವನ್ನು ಬಂದ್ ಮಾಡಿದೆ. ಅಷ್ಟರಲ್ಲಿ ಕಾಯಿ ಕೂತಿತ್ತು. ಗಿಡ್ಡಯ್ಯ ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಿದ. ಚಿಪ್ಪು ಎರಡು ಹೋಳಾಗಿ ಕಳಚಿಕೊಂಡು ಗಿಟುಕು ಇಡಿಯಾಗಿ ಹೊರಬಂತು. ಅಜ್ಜಿ ಅದನ್ನು ಇಂಪನಾಳ ಮಡಿಲಿಗಿಟ್ಟರು.

ಎರಡನೇ ಕಾಯಿಗೆ ಬಾಗಿಲಲ್ಲಿ ನಿಂತಿದ್ದ ಒಬ್ಬರು ಸಹಾಯ ಮಾಡಲು ಹೋಗಿ ಮೊಬೈಲ್ ಟಾರ್ಚ್ ಹಾಕಿದರು. ನನಗೆ ಜೀವ ಬಂದಂತಾಯಿತು. ಅಜ್ಜಿ ಕಾಯಿ ಕೆಳಗಿಟ್ಟು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು.

"ಆರಿಸ್ರವ್ವ ಅದನ್ನ. ಕಣ್ಣಿಗೆ ಬೆಳಕು ಬಿದ್ರೆ ನಂಗೆ ಕಿವಿ ಕೇಳಾಕಿಲ್ಲ," ಎಂದರು.

ಆರಿಸಿದರು. ನನ್ನ ಫ್ಲ್ಯಾಶಿನ ಬಗ್ಗೆಯೂ ಕೇಳೋಣವೆಂದು ಬಾಯಿ ತೆರೆದೆ. ನೀನು ಮಿಂಚಿಸು, ಅದು ಬಂದು ಹೋಗ್ತದೆ ಎಂದು ಅಷ್ಟರಲ್ಲಿ ಅಜ್ಜಿಯೇ ಹೇಳಿದರು. ನಾನು ಮತ್ತೆ ಕ್ಯಾಮೆರಾ ಎತ್ತಿ ಸರಿಮಾಡಿಕೊಳ್ಳುವಷ್ಟರಲ್ಲಿ ಎರಡನೇ ಗಿಟುಕೂ ಮಡಿಲು ಸೇರಿತ್ತು.

ಮೂರನೆಯದಕ್ಕೆ ನಡುವಿನ ಚೌಕವನ್ನು ಅಜ್ಜಿಯ ವಿಭೂತಿಯ ಮೇಲಿಟ್ಟೆ. ಕತ್ತಲ ಹಣೆಯ ಮೇಲೆ ಬಿಳಿ ಗೆರೆ. ತಕ್ಷಣ ಹಿಡಿಯಿತು. ಆದರೆ ಹಾಗಿಟ್ಟರೆ ಇಂಪನಾ ಚಿತ್ರದ ಹೊರಗೆ. ಗುಂಡಿಯನ್ನು ಅರ್ಧ ಒತ್ತಿಕೊಂಡೇ ಕ್ಯಾಮೆರಾವನ್ನು ಅವಳ ಕಡೆ ಸರಿಸುವಷ್ಟರಲ್ಲಿ ಟಕ್ ಎಂಬ ಸದ್ದು ಆಗಿ ಇಬ್ಬರೂ ಹಿಂದಕ್ಕೆ ಸರಿದಿದ್ದರು. ಮಿಂಚಿತು. ದೊಡ್ಡದು ಮಾಡಿ ನೋಡಿದೆ. ಮುಖಗಳಿಲ್ಲ, ಮಂಜು.

ನಾಲ್ಕನೆಯದಕ್ಕೆ ಇಬ್ಬರನ್ನೂ ಚೌಕಟ್ಟಿನೊಳಗೆ ಇಟ್ಟುಕೊಂಡೇ ಕಾದೆ. ಈಗ ನಡುವಿನ ಚೌಕದಲ್ಲಿದ್ದದ್ದು ಕಾಯಿ. ಕತ್ತಲಲ್ಲಿ ಕಂದು ಕಾಯಿಗೆ ಗೆರೆಯೇ ಇಲ್ಲ. ಲೆನ್ಸು ಗಿರ್ರ್ ಎಂದು ಹೋಯಿತು, ಬಂತು. ಫ್ಲ್ಯಾಶ್ ಮಿಂಚಲೇ ಇಲ್ಲ. ಹಿಂದೆ ಯಾರೋ ಪಿಸುಗುಟ್ಟಿದರು. ಇಂಪನಾ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಳು. ಅದೂ ಒಡೆದ ಮೇಲೆ ಅವಳ ಮಡಿಲಲ್ಲಿ ನಾಲ್ಕು ಗಿಟುಕುಗಳಿದ್ದವು. ಮಡಿಲಿಗೆ ಬೇಕಾದದ್ದು ಐದು.

ಐದನೆಯದು. ನಡುವಿನ ಚೌಕ ಬಿಟ್ಟು ಎಡದ ಅಂಚಿನ ಚೌಕಕ್ಕೆ ಬದಲಿಸಿದೆ. ಇಬ್ಬರನ್ನೂ ಸೇರಿಸಿ ನೋಡಿದರೆ ಅಜ್ಜಿಯ ಹಣೆ ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಅದೇ ವಿಭೂತಿ, ಎರಡು ನಿಮಿಷದ ಹಿಂದೆ ತಕ್ಷಣ ಹಿಡಿದದ್ದು. ಅಜ್ಜಿ ಕಾಯಿ ಎತ್ತಿದರು, ಬಾಗಿದರು. ನಾನು ಅರ್ಧ ಒತ್ತಿದೆ. ಗಿರ್ರ್. ಮತ್ತೆ ಒತ್ತಿದೆ. ಗಿರ್ರ್. ಅಷ್ಟು ಬೆಳ್ಳಗಿರುವ ಗೆರೆ ಇದಕ್ಕೆ ಯಾಕೆ ಕಾಣುತ್ತಿಲ್ಲ ಎಂದು ಅಳು ಬಂತು. ಅಜ್ಜಿ ಅಲ್ಲಾಡಿಸಿದರು, ನಿಲ್ಲಿಸಿದರು.

ಇಬ್ಬರೂ ಕಣ್ಣು ಮುಚ್ಚಿ ಕಾದರು. ಟಕ್ ಎನ್ನಲಿಲ್ಲ.

ಅಜ್ಜಿ ಮತ್ತೊಮ್ಮೆ ಅಲ್ಲಾಡಿಸಿದರು. ಒಳಗೆ ಏನೋ ಮೆತ್ತಗೆ ಸರಿದಾಡಿತು, ಅಷ್ಟೇ. ಕಾಯಿ ಒಳಗೇ ಕೊಳೆತಿತ್ತು. ಹಿಂದೆ ವನಜಾಕ್ಷಮ್ಮ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಸೀಮಂತದ ದಿನ, ಮಡಿಲಿನ ಕಾಯಿ. ಇಂಪನಾ ಕಣ್ಣು ತೆರೆದಳು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅಜ್ಜಿ ಕಾಯಿಯನ್ನು ಪಕ್ಕಕ್ಕಿಟ್ಟರು. ಎಲೆಅಡಿಕೆ ಚೀಲ ಪಕ್ಕಕ್ಕಿಡುವ ಹಾಗೆ, ಏನೂ ವಿಶೇಷವಿಲ್ಲದಂತೆ. ಸೆರಗು ಸರಿಮಾಡಿಕೊಂಡು ಬುಟ್ಟಿಗೆ ಕೈಹಾಕಿದರು. ಬುಟ್ಟಿಯಲ್ಲಿ ಇನ್ನೊಂದು ಕಾಯಿ ಇತ್ತು.

"ಆರು ಏರ್ಸಿದ್ದೆ. ಯಾವಾಗ್ಲೂ ಒಂದು ಹೆಚ್ಗೆ ಏರ್ಸ್‌ತೀನಿ," ಎಂದರು. "ಅಟ್ಟದಾಗೆ ಒಂದು ಹೋಗೇ ಹೋಗ್ತದೆ. ನಮ್ಮತ್ತೆನೂ ಹಂಗೇ ಮಾಡೋರು. ನನ್ ಮಡ್ಲಿಗೂ ಆರ್ನೇದೇ ಬಿದ್ದಿದ್ದು."

ವನಜಾಕ್ಷಮ್ಮ ಉಸಿರು ಬಿಟ್ಟರು. ಹೆಂಗಸರು ಅಲ್ಲಾಡಿದರು, ಯಾರೋ ಬಳೆ ಸದ್ದು ಮಾಡಿದರು. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಆದರೂ ಆ ಮಾತು ನನಗೂ ಸೇರಿದ್ದೆನಿಸಿತು. ನನಗೂ ಒಂದು ಹೆಚ್ಚಿಗೆ ಏರಿಸಿಟ್ಟಿದ್ದಾರೆ. ಹೆದರಿಕೆ ಹೇಗೆ ಹೋಯಿತೋ ತಿಳಿಯಲಿಲ್ಲ, ಕೈ ಹಗುರವಾಯಿತು. ಆಗ ಅಜ್ಜಿಯ ಹಣೆಯನ್ನು ಮೊದಲ ಸಲ ಸುಮ್ಮನೆ ನೋಡಿದೆ. ಕ್ಯಾಮೆರಾದಿಂದಲ್ಲ, ಕಣ್ಣಿನಿಂದ. ಮೂರು ಗೆರೆ. ಮೂರೂ ಮಲಗಿದ್ದವು.

ಬಾಗಿಲ ಕಂಬ ಹಿಡಿಯುತ್ತದೆ, ಹೊಸ್ತಿಲು ಹಿಡಿಯುವುದಿಲ್ಲ.

ವಿಭೂತಿಯನ್ನು ಯಾರಿಂದ ನಿಲ್ಲಿಸಲಾದೀತು? ಅಜ್ಜಿ ಮುಂದಕ್ಕೆ ಬಾಗಿದರು. ಮೊದಲ ಸಲ, ಗಡಗಡ. ಎರಡನೇ ಸಲ. ನಾನು ಕ್ಯಾಮೆರಾವನ್ನೇ ಪಕ್ಕಕ್ಕೆ ವಾಲಿಸಿದೆ. ಮೂರನೇ ಸಲ. ಕಿಂಡಿಯೊಳಗೆ ಅಜ್ಜಿ, ಇಂಪನಾ, ಕೋಣೆ ಎಲ್ಲ ಓರೆಯಾಗಿ, ಮಲಗಿದ್ದ ಬಿಳಿ ಗೆರೆಗಳು ಎದ್ದು ನಿಲ್ಲತೊಡಗಿದವು. ಗುಂಡಿ ಅರ್ಧ ಒತ್ತಿದೆ. ಲೆನ್ಸು ಒಂದೇ ಒಂದು ಸಲ ಸರಿದು ನಿಂತಿತು. ಫೋಕಸ್ ಸಿಕ್ಕಿತೆನ್ನುವ ಮೂಲೆಯ ಹಸಿರು ಚುಕ್ಕಿ ಅಲುಗಾಡದೆ ಹೊತ್ತಿಕೊಂಡಿತು.

ಇಬ್ಬರೂ ಕಣ್ಣು ಮುಚ್ಚಿದ್ದರು. ಟಕ್.

ಮಿಂಚಿತು.

ಗಿಡ್ಡಯ್ಯ ಚಿಪ್ಪು ಒಡೆಯುವ ಹೊತ್ತಿಗೆ ನಾನು ಫೋಟೋವನ್ನು ದೊಡ್ಡದು ಮಾಡುತ್ತಿದ್ದೆ. ಇನ್ನೂ ದೊಡ್ಡದು. ಅಜ್ಜಿಯ ವಿಭೂತಿ ಒಣಗಿ ಸೀಳಿದ್ದು ಕಂಡಿತು. ಸೀಳಿನ ಕೆಳಗೆ ಹಣೆಯ ಸುಕ್ಕು ಕಂಡಿತು. ಪಕ್ಕಕ್ಕೆ ಸರಿಸಿದೆ. ಇಂಪನಾಳ ಮುಚ್ಚಿದ ರೆಪ್ಪೆ, ಮೂಗಿನ ಮೇಲಿನ ಬೆವರು, ತುಟಿಯ ಕೊನೆಯಲ್ಲಿ ಆ ಸದ್ದಿಗೋಸ್ಕರ ಕಾಯುತ್ತಿದ್ದ ಚೂರು ನಗು. ರೆಪ್ಪೆಗಳನ್ನು ಎಣಿಸಬಹುದಿತ್ತು. ನಾನು ಎಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಈ ಸಲ ಮಂಜು ನನ್ನ ಕಡೆಯದು.

ಐದನೇ ಗಿಟುಕು ಮಡಿಲಿಗೆ ಬಿದ್ದ ಮೇಲೆ ಇಂಪನಾ ಕೈಚಾಚಿದಳು. ಕ್ಯಾಮೆರಾ ಕೊಟ್ಟೆ. ಬಹಳ ಹೊತ್ತು ನೋಡಿದಳು. ಅಜ್ಜಿಗೆ ತೋರಿಸಿದಳು. ಅಜ್ಜಿ ಕ್ಯಾಮೆರಾವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ನಾನು ಇಷ್ಟು ಮುದುಕಿಯಾ ಎಂದು ಕೇಳಿದರು.

"ಸೊಟ್ಟಗದೆ ಕಣೇ," ಎಂದಳು ಇಂಪನಾ ನನ್ನ ಕಡೆ ತಿರುಗಿ. ಅವಳ ಕಣ್ಣು ತುಂಬಿತ್ತು. "ನಾವಿಬ್ರೂ ಬೀಳೋ ಹಂಗಿದ್ದೀವಿ."

ಹಾಗೆ ವಾಲಿಸದಿದ್ದರೆ ಹಿಡಿಯುತ್ತಿರಲಿಲ್ಲ ಎಂದು ಹೇಳಿ, ಗೆರೆಯ ವಿಷಯವೆಲ್ಲ ವಿವರಿಸತೊಡಗಿದೆ. ನಿಂತ ಗೆರೆ, ಮಲಗಿದ ಗೆರೆ, ಅಂಚಿನ ಚೌಕ, ಕಂಬ, ಹೊಸ್ತಿಲು. ಮಾತು ನಿಲ್ಲಿಸಿದಾಗ ಬಾಗಿಲಲ್ಲಿದ್ದ ಹೆಂಗಸರೆಲ್ಲ ಕೇಳುತ್ತಿದ್ದರು. ಅಷ್ಟು ಜನರ ಎದುರು ಅಷ್ಟು ಹೊತ್ತು ನಾನು ಯಾವತ್ತೂ ಮಾತಾಡಿರಲಿಲ್ಲ. ವನಜಾಕ್ಷಮ್ಮ ಕ್ಯಾಮೆರಾ ಇಸಿದುಕೊಂಡು ನೋಡಿದರು. ಗೋಡೆಯ ಬಗ್ಗೆ ಏನಾದರೂ ಅನ್ನುತ್ತಾರೆಂದು ಕಾದೆ. ಹಿಂದಿನ ಗೋಡೆ ಈ ಸಲ ಪೂರ್ತಿ ಮಸುಕಾಗಿತ್ತು. ಅವರು ಸೊಸೆಯ ಹೊಟ್ಟೆಯಿದ್ದ ಕಡೆ ಹೆಬ್ಬೆರಳಿಟ್ಟು ಸವರಿದರು. ಪರದೆ ಒರೆಸಿದಂತಿತ್ತು. ತೊಟ್ಟಿಲಿಗೆ ಹಾಕುವ ದಿನ ಅಮ್ಮಸಂದ್ರಕ್ಕೆ ನೀನೇ ಬರಬೇಕು ಎಂದರು. ಆಮೇಲೆ ದನಿ ತಗ್ಗಿಸಿ, ಕೆಂಪು ದೀಪ ಆರಿಸು ಅಂದ ತಕ್ಷಣ ಆರಿಸಿದೆಯಲ್ಲ, ಒಳ್ಳೇದಾಗಲಿ ಎಂದರು.

ಮರುದಿನ ಸ್ಟುಡಿಯೋದಲ್ಲಿ ರಾಜಣ್ಣ ಆ ಫೋಟೋವನ್ನು ಪರದೆಯ ತುಂಬ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಹೋದ. ಕೊನೆಗೆ ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸಿಕೊಂಡ.

"ಸೊಟ್ಟಗೈತೆ," ಎಂದ. ಇನ್ನೂ ಸ್ವಲ್ಪ ಒರೆಸಿ ಹೇಳಿದ: "ಆದ್ರೆ ಇಬ್ರೂ ಅವ್ರೆ."

ಧನ್ಯವಾದ ಹೇಳಬೇಕೆಂದುಕೊಂಡೆ. ರಾಜಣ್ಣನಿಗೆ ಅಂಥದ್ದೆಲ್ಲ ಹೇಳಿದರೆ ಎದ್ದು ಟೀ ಕುಡಿಯಲು ಹೋಗಿಬಿಡುತ್ತಾನೆ. ಅವನು ತೂಕಡಿಸುತ್ತಿದ್ದ ಇನ್ನೂರು ಫೋಟೋಗಳಲ್ಲಿ ಒಂದನ್ನು ಆರಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಆ ಸ್ಟೂಲಿನ ಮೇಲಿನ ಗೋಡೆಗೆ ಅಂಟಿಸಿದೆ. ಅದನ್ನು ನೋಡಿ ಬೈದ. ಕೀಳಲಿಲ್ಲ.

ಫೋಟೋವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ಮಾಡಲು ನೋಡಿದೆ. ಕಷ್ಟದ ಕೆಲಸವಲ್ಲ, ದಿನಾ ಮಾಡುವುದೇ. ಆದರೆ ನೆಟ್ಟಗೆ ಮಾಡಿದರೆ ನಾಲ್ಕೂ ಮೂಲೆ ಕತ್ತರಿಸಿಹೋಗುತ್ತಿತ್ತು. ಒಂದು ಮೂಲೆಯಲ್ಲಿ ಮಡಿಲಿನ ನಾಲ್ಕು ಗಿಟುಕುಗಳಿದ್ದವು. ಇನ್ನೊಂದರಲ್ಲಿ ಅಜ್ಜಿ ಪಕ್ಕಕ್ಕಿಟ್ಟ ಐದನೆಯ ಕಾಯಿ ಇತ್ತು. ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ. ಇದ್ದ ಹಾಗೇ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ಕಳಿಸಿದೆ.

ಮುಂದಿನ ತಿಂಗಳು ಇಂಪನಾಳನ್ನು ನೋಡಲು ಹಾಲ್ಕುರಿಕೆಗೆ ಹೋದೆ. ಈ ಸಲ ಕ್ಯಾಮೆರಾ ಇಲ್ಲದೆ. ಅವಳು ನನ್ನ ಕೈಹಿಡಿದು ಅಟ್ಟದ ಕೋಣೆಗೆ ಕರೆದೊಯ್ದಳು. ಮೊದಲು ಕ್ಯಾಲೆಂಡರ್ ಇದ್ದ ಜಾಗದಲ್ಲಿ ಆ ಫೋಟೋ ಇತ್ತು. ಚೌಕಟ್ಟು ಗೋಡೆಯ ಮೇಲೆ ಒಂದು ಕಡೆಗೆ ವಾಲಿಕೊಂಡಿತ್ತು. ಜಾರಿದೆ ಎಂದುಕೊಂಡು ಸರಿಮಾಡಲು ಕೈಯೆತ್ತಿದೆ.

"ಮುಟ್ಬ್ಯಾಡವ್ವ," ಎಂದರು ಅಜ್ಜಿ ಹಿಂದಿನಿಂದ. "ಗಿಡ್ಡಯ್ಯನ ಕೈಲಿ ಎರಡು ಮೊಳೆ ಹೊಡ್ಸಿ ಹಂಗೇ ನಿಲ್ಸಿದ್ದೀನಿ."

ಕೈ ಇಳಿಸಿ ನೋಡಿದೆ. ಚೌಕಟ್ಟು ಸೊಟ್ಟಗಿತ್ತು. ಅದರೊಳಗೆ ಅಜ್ಜಿ, ಮೊಮ್ಮಗಳು ನೆಟ್ಟಗೆ ಕೂತು ಕಾಯಿಯ ಸದ್ದು ಕೇಳುತ್ತಿದ್ದರು.